ಮೊದಲು ಹೊರಡುವವನು

ದೊಡ್ಡ ಮನುಷ್ಯರ ಮುಖ ಊರಿಗೆಲ್ಲ ಗೊತ್ತಿರುತ್ತದೆ. ಅವರು ಕೂರುವ ಭಾಗದ ಗುಟ್ಟು ಗೊತ್ತಿರುವುದು ಸೋಫಾದಣ್ಣನಿಗೆ ಮಾತ್ರ. ಇಪ್ಪತ್ತಾರು ವರ್ಷದಿಂದ ಹಳೆಯ ಸೋಫಾ ಬಿಚ್ಚಿ, ಒಳಗಿನ ನಾರು ಕಿತ್ತು, ಸ್ಪ್ರಿಂಗು ಬಿಗಿದು, ಹೊಸ ಸ್ಪಂಜು ಕೂರಿಸಿ, ಮೇಲೆ ಬಟ್ಟೆ ಎಳೆದು ಮೊಳೆ ಹೊಡೆಯುವುದು ಅವನ ಕಸುಬು. ಯಾರ ಕುರ್ಚಿ ಎಡಕ್ಕೆ ಕುಸಿದಿದೆ, ಯಾವ ಸಾಹೇಬರ ಕುರ್ಚಿಯಲ್ಲಿ ತಲೆಯಿಡುವ ಜಾಗ ಮಾತ್ರ ಎಣ್ಣೆ ಕುಡಿದು ಕಪ್ಪಾಗಿದೆ ಎಂದು ನೋಡಿಯೇ ಅವನು ಮನುಷ್ಯನ ಗುಣ ಹೇಳಬಲ್ಲ. ಹೇಳುವುದಿಲ್ಲ, ಅಷ್ಟೇ. ಬಾಯಲ್ಲಿ ಸದಾ ನಾಲ್ಕೈದು ಮೊಳೆ ಕಚ್ಚಿಕೊಂಡಿರುವವನು ಏನು ತಾನೇ ಹೇಳಿಯಾನು?

ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಹೆಂಡತಿಯ ಹೊಲಿಗೆ ಮೆಷಿನ್ನು, ನಡುವೆ ಹೊಟ್ಟೆ ಬಿಚ್ಚಿಸಿಕೊಂಡು ಮಲಗಿದ ಯಾರದೋ ಸೋಫಾ, ಮೂಲೆಯಲ್ಲಿ ಸ್ಪಂಜಿನ ಹಾಳೆಗಳ ರಾಶಿ, ಆ ರಾಶಿಗೆ ಒರಗಿದ ಒಂದು ಸೈಕಲ್ಲು. ಗವುಸಿನ ಕೆಲಸ ಹೆಂಡತಿಯದು, ಮೊಳೆಯ ಕೆಲಸ ಗಂಡನದು. ಮಾತಿನ ಕೆಲಸ ಪೂರ್ತಿ ಹೆಂಡತಿಯದೇ. ಬೆಳಗಿನಿಂದ ಸಂಜೆಯವರೆಗೆ ಇನ್ನೊಬ್ಬರ ಸೀಟಿನ ಮುಂದೆ ಮಂಡಿಯೂರುವ ಸೋಫಾದಣ್ಣ ವಾರಕ್ಕೊಂದು ಸಂಜೆ ತನ್ನದೇ ಸೀಟಿನ ಮೇಲೆ ಕೂತು, ಮುಖಕ್ಕೆ ಗಾಳಿ ತಗಲಿಸಿಕೊಂಡು ಹೋಗುತ್ತಾನೆ. ಅದರಲ್ಲಿ ಅವನಿಗೆಷ್ಟು ಸುಖ ಎಂದರೆ, ಬುಧವಾರ ಮಧ್ಯಾಹ್ನ ಮೂರು ದಾಟಿತೆಂದರೆ ಹೊಡೆದ ಮೊಳೆಯೆಲ್ಲ ಓರೆ. ಗಿರಾಕಿಗಳಿಗೂ ಇದು ಗೊತ್ತಾಗಿ, ಬುಧವಾರದ ಕುರ್ಚಿ ನಮಗೆ ಬೇಡ ಎನ್ನತೊಡಗಿದ್ದರು.

ಸೈಕಲ್ ಕ್ಲಬ್ಬು ಇದ್ದದ್ದು ಕೆರೆಯ ದಂಡೆಯ ಹಳೆಯ ದೋಣಿ ಶೆಡ್ಡಿನಲ್ಲಿ. ಒಂಬತ್ತು ವರ್ಷದ ಹಿಂದೆ ಸೋಫಾದಣ್ಣ ಅಲ್ಲಿಯ ಬೆಂಚಿಗೆ ಮೆತ್ತೆ ಹಾಕಲು ಹೋಗಿದ್ದ. ಕ್ಲಬ್ಬನ್ನು ನೋಂದಾಯಿಸಲು ಇಪ್ಪತ್ತು ಸದಸ್ಯರು ಬೇಕಿತ್ತು, ಇದ್ದವರು ಹತ್ತೊಂಬತ್ತು. ಅರ್ಜಿ ಹಿಡಿದು ಕೂತಿದ್ದ ಅಧ್ಯಕ್ಷರು ಇವನನ್ನು ಮೇಲಿಂದ ಕೆಳಗೆ ನೋಡಿ, "ಸೈಕಲ್ ಬರುತ್ತಾ?" ಎಂದು ಕೇಳಿದರು. ಬರುತ್ತೆ ಎಂದ. ಹೀಗೆ ಮೊಳೆ ಹೊಡೆಯಲು ಹೋದವನು ಕ್ರೀಡಾಪಟುವಾಗಿ ಮನೆಗೆ ಬಂದ.

ಅಲ್ಲಿಯ ಓಟದ ಕ್ರಮ ಹೀಗೆ. ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ, ನಿಮಿಷಕ್ಕೊಬ್ಬರು ಹೊರಡುತ್ತಾರೆ. ಕೆರೆಯ ಸುತ್ತ ಹದಿನೆಂಟು ಕಿಲೋಮೀಟರು ಒಂದೇ ದಿಕ್ಕಿನಲ್ಲಿ ಸುತ್ತಿ ಅದೇ ಜಾಗಕ್ಕೆ ಬರಬೇಕು. ಯಾರಿಗೆ ಎಷ್ಟು ನಿಮಿಷ ಹಿಡಿಯಿತು ಎಂದು ಬರೆದುಕೊಳ್ಳುವವರು ಗಣಿತ ಕಲಿಸಿ ನಿವೃತ್ತರಾದ ಒಬ್ಬ ಮೇಷ್ಟ್ರು. ಹಿಂದಿನ ಸೀಸನ್ನಿನ ಅತಿ ಚುರುಕಿನ ಓಟ ನೋಡಿ ನಿಧಾನದವರು ಮೊದಲು, ಚುರುಕಿನವರು ಕೊನೆಗೆ. ಹೀಗಾಗಿ ಒಂಬತ್ತು ವರ್ಷದಿಂದ ಎಲ್ಲರಿಗಿಂತ ಮೊದಲು ಹೊರಡುವವನು ಸೋಫಾದಣ್ಣ, ಎಲ್ಲರಿಗಿಂತ ಕೊನೆಗೆ ಬರುವವನೂ ಸೋಫಾದಣ್ಣ. ನಡುವೆ ಉಳಿದ ಹತ್ತೊಂಬತ್ತು ಜನ ಒಬ್ಬರಾದ ಮೇಲೊಬ್ಬರು ಅವನನ್ನು ಹಿಂದೆ ಹಾಕುತ್ತಿದ್ದರು. ಹಾಕಿ ಸುಮ್ಮನೆ ಹೋಗುತ್ತಿದ್ದರೇ? "ತುಳೀರಿ ಅಣ್ಣ, ತುಳೀರಿ! ಚೆನ್ನಾಗಿ ಹೋಗ್ತಿದೀರ!" ಎಂದು ಹುರಿದುಂಬಿಸಿ ಹೋಗುತ್ತಿದ್ದರು. ದಾಟಿ ಹೋಗುವವನ ಉತ್ತೇಜನದಷ್ಟು ಮನುಷ್ಯನ ಕಾಲಿನ ಶಕ್ತಿ ಹೀರುವ ವಸ್ತು ಬೇರೊಂದಿಲ್ಲ. ಮೊದಲನೆಯವರು ದಾಟಿದ ಕ್ಷಣವೇ ಸೋಫಾದಣ್ಣನ ಜೀವ ಚಕ್ರದಿಂದ ಗಾಳಿ ಹೋದಂತೆ ಉಸ್ಸೆಂದು ಇಳಿಯುತ್ತಿತ್ತು. ಆಮೇಲಿನದು ಬರೀ ಕೆರೆ ನೋಡಿಕೊಂಡು ಬರುವ ಕೆಲಸ.

ಆ ಮೊದಲನೆಯವರು ಯಾವಾಗಲೂ ಅಧ್ಯಕ್ಷರೇ. ಕಸುಬಿನಿಂದ ಅವರು ಹಲ್ಲಿನ ಡಾಕ್ಟರು. ಸೋಫಾದಣ್ಣನ ಬೆನ್ನಿಗೆ, ಎರಡನೆಯವರಾಗಿ ಹೊರಡುತ್ತಿದ್ದರು. "ಮುಂದೆ ಹೋದವರ ಮೇಲೆ ಒಂದು ಕಣ್ಣಿರಲಿ ಅಂತ ಅಷ್ಟೇ," ಎಂದು ಅವರೇ ಎಲ್ಲರಿಗೂ ತಿಳಿಸಿದ್ದರು. ಓಟದಲ್ಲಿ ಗೆಲ್ಲುವುದು ಕಾಲಲ್ಲ, ಹಗುರತನ ಎಂಬುದು ಅವರ ಸಿದ್ಧಾಂತ. ಕ್ಲಿನಿಕ್ಕಿನಲ್ಲಿ ರೋಗಿಗಳಿಲ್ಲದ ಹೊತ್ತಿನಲ್ಲಿ ಹಲ್ಲು ಕೊರೆಯುವ ಯಂತ್ರದಿಂದಲೇ ತಮ್ಮ ಸೈಕಲ್ಲಿನ ಬ್ರೇಕು, ಪೆಡಲು, ಸೀಟಿನ ಕಂಬ ಎಲ್ಲಕ್ಕೂ ಸಾಲುಸಾಲು ತೂತು ಕೊರೆದು ಮುನ್ನೂರು ಗ್ರಾಂ ಇಳಿಸಿದ್ದರು. ತಮ್ಮ ಹೊಟ್ಟೆಯ ತಂಟೆಗೆ ಮಾತ್ರ ಹೋಗಿರಲಿಲ್ಲ. ಆ ತೂತುಗಳಿಗೆ ಗಾಳಿ ಹೊಕ್ಕು ಸೈಕಲ್ಲು ಹೋಗುವಾಗ ಸುಂಯ್ ಎಂದು ಸಿಳ್ಳೆ ಹೊಡೆಯುತ್ತಿತ್ತು. ಪಂಪ್‌ಹೌಸಿನ ತಿರುವಿನಲ್ಲಿ ಬೆನ್ನ ಹಿಂದೆ ಸಿಳ್ಳೆ ಕೇಳಿಸಿತೆಂದರೆ ಸೋಫಾದಣ್ಣ ತಾನಾಗಿ ಪಕ್ಕಕ್ಕೆ ಸರಿಯುತ್ತಿದ್ದ. ಓಟದಲ್ಲಿ ಯಾರೂ ಜೇಬಲ್ಲಿ ಫೋನು ಒಯ್ಯಬಾರದು, ಅದೂ ಭಾರವೇ ಎಂಬುದು ಡಾಕ್ಟರು ಹಾಕಿದ ಇನ್ನೊಂದು ಕಟ್ಟಳೆ.

ಆ ವರ್ಷ ಜಿಲ್ಲಾ ಒಕ್ಕೂಟದವರು ಕ್ಲಬ್ಬುಗಳಿಗೆ ದರ್ಜೆ ಕೊಡುತ್ತೇವೆ ಎಂದರು. ಸದಸ್ಯರ ಸರಾಸರಿ ವೇಗ ನೋಡಿ ದರ್ಜೆ. ಮೊದಲ ದರ್ಜೆಗೆ ಕೂದಲೆಳೆಯಷ್ಟು ಕಡಿಮೆ ಬಿದ್ದಿತು. ಕೊರತೆ ಎಲ್ಲಿದೆ ಎಂದು ಹುಡುಕಲು ಸಭೆ ಸೇರಿದಾಗ ಎಲ್ಲರೂ ಮೆತ್ತೆ ಹಾಕಿದ ಬೆಂಚಿನ ಕಡೆ ನೋಡಿದರು. ಅಲ್ಲಿ ಸೋಫಾದಣ್ಣ ಕೂತಿದ್ದ. ಯಾರ ಹೆಸರನ್ನೂ ಎತ್ತದೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಒಂದು ನಿಯಮ ಬರೆದರು. ಇಡೀ ಸೀಸನ್ನಿನ ಹದಿನೆಂಟು ಓಟದಲ್ಲೂ ತನ್ನ ನಂತರ ಹೊರಟ ಪ್ರತಿಯೊಬ್ಬರಿಂದಲೂ ಹಿಂದೆ ಹಾಕಿಸಿಕೊಂಡ ಸದಸ್ಯನಿಗೆ ಮುಂದಿನ ಸೀಸನ್ನಿನಿಂದ 'ಸೇವಾ ಸದಸ್ಯ' ಎಂಬ ಗೌರವ. ಎಂದರೆ ಸೈಕಲ್ಲು ಮನೆಯಲ್ಲಿ, ಕೈಯಲ್ಲೊಂದು ಬಾವುಟ, ಪಕ್ಕದಲ್ಲಿ ಟೀ ಫ್ಲಾಸ್ಕು.

ಹದಿನೇಳು ಓಟ ಮುಗಿದಿದ್ದವು. ಹದಿನೇಳರಲ್ಲೂ ಹತ್ತೊಂಬತ್ತು ಜನ ಅವನನ್ನು ದಾಟಿದ್ದರು. ಉಳಿದಿದ್ದದ್ದು ಒಂದು. ಆ ಒಂದರಲ್ಲಿ ಒಬ್ಬರೇ ಒಬ್ಬರನ್ನು ತನ್ನ ಹಿಂದೆ ಉಳಿಸಿಕೊಂಡರೆ ಸಾಕು, ಅವನ ಬುಧವಾರ ಅವನಿಗೆ ಉಳಿಯುತ್ತಿತ್ತು.

"ಹೋದ್ರೆ ಹೋಗ್ಲಿ ಬಿಡ್ರೀ," ಎಂದಳು ಹೆಂಡತಿ ಮೆಷಿನ್ನು ತುಳಿಯುತ್ತಲೇ. "ಬಾವುಟ ಹಿಡಿಯೋದೂ ಕೆಲಸಾನೇ. ಮೈಗಂಟೋ ಆ ಚಡ್ಡಿ ಹಾಕ್ಕೊಳ್ಳೋದು ತಪ್ಪುತ್ತೆ."

ಸೋಫಾದಣ್ಣ ಉತ್ತರ ಕೊಡಲಿಲ್ಲ. ಬಾಯಲ್ಲಿ ಮೊಳೆ ಇರಲಿಲ್ಲ, ಆದರೂ ಕೊಡಲಿಲ್ಲ. ಅದನ್ನು ನೋಡಿ ಹೆಂಡತಿ ಮೆಷಿನ್ನು ನಿಲ್ಲಿಸಿದಳು. ಆ ಬುಧವಾರ ಸಂಜೆ ತಾನೂ ಒಂದು ಟವೆಲು, ಒಂದು ಕೊಡೆ ಹಿಡಿದು ಕೆರೆಗೆ ಹೊರಟಳು.

ಐದೂಮುಕ್ಕಾಲಿಗೆಲ್ಲ ಆಕಾಶ ಕೆರೆಯ ಮೇಲೆ ಕೂತುಬಿಟ್ಟಂತಿತ್ತು. ಗಾಳಿ ಶೆಡ್ಡಿನ ತಗಡು ಬಡಿಯುತ್ತಿತ್ತು. ಇಪ್ಪತ್ತು ಗಂಡಸರು ಬಿಗಿಯಾದ ಬಣ್ಣದ ಬಟ್ಟೆ ತೊಟ್ಟು, ಒಳಗೊಳಗೇ ನಡುಗುತ್ತ, ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರು. ಇವತ್ತು ಬೇಡ ಎಂದು ಯಾರಾದರೂ ಹೇಳಲಿ ಎಂದು ಪ್ರತಿಯೊಬ್ಬರೂ ಹಾರೈಸುತ್ತಿದ್ದರು. ಹೇಳಿದವನು ಹೇಡಿ ಎನಿಸಿಕೊಳ್ಳುತ್ತಾನೆಂದು ಪ್ರತಿಯೊಬ್ಬರಿಗೂ ಗೊತ್ತಿತ್ತು. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು?

"ಇದೆಲ್ಲಾ ಒಂದು ಮೋಡಾನಾ?" ಎಂದರು ಡಾಕ್ಟರು, ಹಲ್ಲು ಕಟಕಟಿಸುತ್ತ.

ಮೇಷ್ಟ್ರು ಕೊಡೆ ಕಂಕುಳಲ್ಲಿಟ್ಟು ಗಡಿಯಾರ ಹಿಡಿದು ನಿಂತಿದ್ದರು. ಆರು ಹೊಡೆದು ಒಂದು ನಿಮಿಷಕ್ಕೆ ಸರಿಯಾಗಿ ಸೀಟಿ ಊದಿದರು. ಸೋಫಾದಣ್ಣ ಹೊರಟ.

ಮೊದಲ ತಿರುವು ದಾಟಿ ಶೆಡ್ಡು ಮರೆಯಾದ ಗಳಿಗೆಯಲ್ಲೇ ಮಳೆ ಇಳಿಯಿತು. ಇಳಿಯಿತು ಎಂದರೆ ಕಡಿಮೆ ಹೇಳಿದಂತಾಯಿತು, ಮೇಲಿನಿಂದ ಯಾರೋ ಸುರಿದರು. ಎದುರಿನ ರಸ್ತೆ ಕಾಣದು, ಕಣ್ಣು ಬಿಟ್ಟರೆ ನೀರು. ಎಡಗಡೆ ಕೆರೆ ಎಲ್ಲಿ ಮುಗಿದು ರಸ್ತೆ ಎಲ್ಲಿ ಶುರುವಾಗುತ್ತದೆ ಎಂಬುದು ತಂತಿಬೇಲಿಯಿಂದ ಮಾತ್ರ ಗೊತ್ತಾಗುತ್ತಿತ್ತು. ಸೋಫಾದಣ್ಣ ತಲೆ ತಗ್ಗಿಸಿ ತುಳಿದ. ಅವನಿಗಿದ್ದದ್ದು ಒಂದೇ ಲೆಕ್ಕ: ಈಗ ಡಾಕ್ಟರು ಹೊರಟಿರುತ್ತಾರೆ, ಪಂಪ್‌ಹೌಸಿನವರೆಗಾದರೂ ಅವರಿಗೆ ಸಿಗಬಾರದು.

ಪಂಪ್‌ಹೌಸು ಬಂತು. ಅಲ್ಲೇ ಸಿಳ್ಳೆ ಕೇಳಿಸಿತು.

ಸುಂಯ್ ಎಂದು, ಬೆನ್ನ ಹಿಂದೆಯೇ. ಅಭ್ಯಾಸಬಲದಿಂದ ಪಕ್ಕಕ್ಕೆ ಸರಿಯಲು ಕೈ ತಾನಾಗಿ ಹೊರಳಿತು. ಆದರೆ ಯಾರೂ ದಾಟಲಿಲ್ಲ. ತಿರುಗಿ ನೋಡಿದರೆ ಬಿಳಿಯ ಮಳೆಯ ಗೋಡೆ. ಸಿಳ್ಳೆ ಮಾತ್ರ ಇದೆ, ಮನುಷ್ಯ ಬರುತ್ತಿಲ್ಲ. ಹಾಗಾದರೆ ಡಾಕ್ಟರು ಹಿಂದೆಯೇ ಇದ್ದಾರೆ, ಅವರಿಗೆ ನನ್ನನ್ನು ದಾಟಲು ಆಗುತ್ತಿಲ್ಲ! ಒಂಬತ್ತು ವರ್ಷದಲ್ಲಿ ಮೊದಲ ಸಲ ಸೋಫಾದಣ್ಣನ ಎದೆಯಲ್ಲಿ ಏನೋ ಎದ್ದು ಕೂತಿತು. ಪೆಡಲಿನ ಮೇಲೆ ಎದ್ದು ನಿಂತು ತುಳಿದ. ಸಿಳ್ಳೆಯೂ ಜೋರಾಯಿತು. ಏರಿನಲ್ಲಿ ಎದೆ ಒಡೆಯುವಂತಾಯಿತು, ಇಳಿದುಬಿಡೋಣ ಎನಿಸಿತು, ಹಿಂದಿನಿಂದ ಸುಂಯ್. ಹಲ್ಲು ಕಚ್ಚಿ ಹತ್ತಿದ. ಇಳಿಜಾರಿನಲ್ಲಿ ಬ್ರೇಕಿನ ಮೇಲೆ ಬೆರಳು ಹೋಯಿತು, ಸುಂಯ್. ಬೆರಳು ತೆಗೆದ. ಹೆಂಡತಿ, ಸೋಫಾ, ಬಾವುಟ, ಫ್ಲಾಸ್ಕು ಎಲ್ಲ ಮರೆತುಹೋದವು. ಬೇಲಿಯ ತಂತಿಗಳ ನಡುವೆ ನುಗ್ಗಿ ಗಾಳಿ ಸಿಳ್ಳೆ ಹಾಕುತ್ತಿದೆ ಎಂದು ಆಗ ಅವನಿಗೆ ಯಾರು ಹೇಳಬೇಕು? ಕೆರೆಯ ಸುತ್ತಲೂ ಬೇಲಿಯಿತ್ತು, ಹೀಗಾಗಿ ಹದಿನೆಂಟು ಕಿಲೋಮೀಟರೂ ಡಾಕ್ಟರು ಅವನ ಬೆನ್ನು ಬಿಡಲಿಲ್ಲ.

ಇತ್ತ ಶೆಡ್ಡಿನಲ್ಲಿ ನಡೆದದ್ದು ಅವನಿಗೆ ಆಮೇಲೆ ಹೆಂಡತಿಯಿಂದ ತಿಳಿಯಿತು. ಸೋಫಾದಣ್ಣ ಮರೆಯಾಗಿ ಮಳೆ ಬಿದ್ದದ್ದೇ ತಡ, ಗೆರೆಯ ಮೇಲೆ ನಿಂತಿದ್ದ ಡಾಕ್ಟರು ಸೈಕಲ್ಲಿನಿಂದ ಇಳಿದು, "ಒಂದ್ನಿಮಿಷ, ಇದನ್ನ ಸ್ವಲ್ಪ ಚರ್ಚೆ ಮಾಡೋಣ," ಎಂದರಂತೆ. ಮಿಕ್ಕ ಹದಿನೆಂಟು ಜನ ಚರ್ಚೆಗೆ ಕಾದವರಂತೆ ಶೆಡ್ಡಿಗೆ ನುಗ್ಗಿದರಂತೆ. ಮೇಷ್ಟ್ರು ಮಾತ್ರ, ಒಂದು ಸಲ ಶುರುವಾದ ಗಡಿಯಾರ ನಿಲ್ಲಿಸೋದಕ್ಕೆ ನಾನು ಯಾರು ಎಂದು ಗೆರೆಯ ಮೇಲೆಯೇ ಉಳಿದರು.

"ನಮ್ಮನೆಯವ್ರು ಹೋಗಿದಾರಲ್ರೀ! ಯಾರಾದ್ರೂ ಗಾಡೀಲಿ ಹೋಗಿ ಕರ್ಕೊಂಡ್ ಬನ್ನಿ!" ಎಂದಳು ಹೆಂಡತಿ.

ಡಾಕ್ಟರು ರೋಗಿಗೆ ಬಾಯಿ ತೆಗೆಯಲು ಹೇಳುವ ಮೆತ್ತನೆಯ ದನಿಯಲ್ಲಿ, "ನೋಡಿಮ್ಮಾ, ಓಟ ನಡೀವಾಗ ಹಿಂದೆ ಗಾಡಿ ಹೋದ್ರೆ ಅವರನ್ನೇ ಅನರ್ಹ ಮಾಡಬೇಕಾಗುತ್ತೆ," ಎಂದರು.

"ಹಾಗಾದ್ರೆ ಓಟ ನಿಂತ್ಹೋಯ್ತು ಅನ್ನಿ."

"ಅದನ್ನೇ ತೀರ್ಮಾನ ಮಾಡ್ತಿದೀವಿ."

ಫೋನ್ ಮಾಡೋಣ ಎಂದರೆ ಅವನ ಫೋನು ಕಟ್ಟಳೆಯ ಪ್ರಕಾರ ಹೆಂಡತಿಯ ಕೈಚೀಲದಲ್ಲೇ ಇತ್ತು. ತೀರ್ಮಾನವೋ, ಆಗಲೊಲ್ಲದು. ರದ್ದು ಎಂದು ಬರೆದರೆ ಹದಿನೇಳೇ ಓಟವಾಗುತ್ತದೆ, ಒಕ್ಕೂಟದವರು ಹದಿನೆಂಟು ಕೇಳುತ್ತಾರೆ. ಮುಂದೂಡಲಾಗಿದೆ ಎಂದರೆ ಸೀಸನ್ನು ಮುಗಿಯಿತು, ಮುಂದೂಡುವುದು ಎಲ್ಲಿಗೆ? ಕಾರ್ಯದರ್ಶಿ ಒಬ್ಬ ಬಣ್ಣದಂಗಡಿಯವನು. ಮೂರು ಕಾಗದ ಬರೆದ, ಮೂರನ್ನೂ ಹರಿದ. ಕೊನೆಗೆ ರದ್ದು ಎಂದೇ ಬರೆದ ನಾಲ್ಕನೆಯ ಕಾಗದಕ್ಕೆ ಒಪ್ಪಿಗೆ ಸಿಕ್ಕಿ, ಸಹಿ ಹಾಕಲು ಡಾಕ್ಟರು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಾಗ ಹೊರಗೆ ಸೀಟಿ ಕೇಳಿಸಿತು.

ಸೋಫಾದಣ್ಣ ಗೆರೆ ದಾಟಿ, ನಿಲ್ಲಿಸಲಾಗದೆ, ಹುಲ್ಲಿನ ಮೇಲೆ ಸೈಕಲ್ಲಿನ ಜೊತೆಗೇ ಉರುಳಿದ. ಮೈಯೆಲ್ಲ ಕೆಸರು, ಮುಖ ಮಾತ್ರ ಮಳೆಗೆ ತೊಳೆದು ಲಕಲಕ ಹೊಳೆಯುತ್ತಿತ್ತು. ಹೆಂಡತಿ ಓಡಿಬಂದು ಟವೆಲು ಹೊದಿಸಿ, ಒಳಗೆ ಎಳೆದುಕೊಂಡು ಹೋಗಿ ಅವನೇ ಹಾಕಿದ ಮೆತ್ತೆಯ ಮೇಲೆ ಕೂರಿಸಿದಳು.

"ಯಾರೂ ದಾಟ್ಲಿಲ್ಲ!" ಎಂದ ಸೋಫಾದಣ್ಣ, ಉಸಿರು ಸಿಕ್ಕ ಕೂಡಲೇ. "ಒಬ್ರೂ ದಾಟ್ಲಿಲ್ಲ ಕಣೇ!"

ಆಗ ಅವನು ಸುತ್ತ ನೋಡಿದ. ಹತ್ತೊಂಬತ್ತು ಜನ. ಹತ್ತೊಂಬತ್ತೂ ಒಣಗಿದ ಬಟ್ಟೆ. ಕೈಯಲ್ಲಿ ಟೀ ಲೋಟ. ಅವನ ಕಣ್ಣು ಡಾಕ್ಟರ ಸೈಕಲ್ಲಿಗೆ ಹೋಯಿತು. ಅದರ ತೂತುಗಳಲ್ಲಿ ಒಂದು ಹನಿ ನೀರಿರಲಿಲ್ಲ.

"ನೀವು ಯಾರೂ... ಹೊರಡ್ಲೇ ಇಲ್ವಾ?"

"ಇಲ್ಲ ರೀ," ಎಂದಳು ಹೆಂಡತಿ ಮೆಲ್ಲಗೆ.

ಐವತ್ತೆರಡು ವರ್ಷದ ಸೋಫಾದಣ್ಣನಿಗೆ ಅಳು ಬಂತು. ಟವೆಲನ್ನು ಮುಖಕ್ಕೆ ಎಳೆದುಕೊಂಡು ತಲೆ ಒರೆಸುವವನಂತೆ ಬಹಳ ಹೊತ್ತು ಒರೆಸಿದ. ಹಿಂದೆ ಯಾರೂ ಇಲ್ಲದೆ ಒಂದೇ ಉಸಿರಿಗೆ ಓಡಿದ ತನ್ನಂಥ ಮೂರ್ಖ ಇನ್ನೊಬ್ಬನಿಲ್ಲ ಎಂದುಕೊಂಡ.

"ಇವತ್ತಿನದು ನಡೆದೇ ಇಲ್ಲ ಅಂತ ಇಟ್ಕೊಳ್ಳೋಣ," ಎಂದರು ಡಾಕ್ಟರು. "ಹದಿನೇಳಕ್ಕೇ ಲೆಕ್ಕ ಮುಗೀತು. ನಿಯಮ ಅಂದ್ಮೇಲೆ ನಿಯಮ. ಸೋಫಾದಣ್ಣ, ಮನಸ್ಸಿಗೆ ಹಚ್ಕೋಬೇಡಿ. ಸೇವೆ ಅನ್ನೋದು ದೊಡ್ಡದು."

ಬಾಗಿಲಲ್ಲಿ ಮೇಷ್ಟ್ರು ಕೊಡೆ ಮಡಿಸುತ್ತಿದ್ದರು. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಡೆಯದೇ ಇರೋದನ್ನ ನಾನು ಮಳೇಲಿ ನಿಂತು ಅಳತೆ ಮಾಡಿದ್ನೇನ್ರೀ? ರದ್ದು ಅಂತ ಸಹಿ ಹಾಕಿದೀರಾ?"

ಡಾಕ್ಟರು ತೆರೆದ ಪೆನ್ನು ನೋಡಿದರು. "ಹಾಕ್ತಿದ್ದೆ."

"ಹಾಕಿಲ್ಲ ತಾನೇ? ಹೊರಟವರು ಒಬ್ರು, ಬಂದವರು ಒಬ್ರು, ದಾಟಿದವರು ಯಾರೂ ಇಲ್ಲ." ಮೇಷ್ಟ್ರು ರಿಜಿಸ್ಟರು ತೆಗೆದು ಕನ್ನಡಕ ಒರೆಸಿಕೊಂಡರು. "ನಲವತ್ತೆರಡು ನಿಮಿಷ ಹತ್ತು ಸೆಕೆಂಡು."

ಸೋಫಾದಣ್ಣ ಟವೆಲಿನಿಂದ ಮುಖ ಹೊರಗೆ ತೆಗೆದ. ಅವನ ಮಾಮೂಲಿ ನಲವತ್ತೇಳು.

ಮೇಷ್ಟ್ರು ಹಾಳೆ ತಿರುವತೊಡಗಿದರು. ಡಾಕ್ಟರೇ ಕೇಳಿದರು. "ನನ್ನ ಟೈಮ್ ಯಾಕೆ ತೆಗೀತೀರಿ ಮೇಷ್ಟ್ರೇ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ನಿಮ್ಮದು ಅಂತ ನಾನೆಲ್ಲಿ ಅಂದೆ? ಸರಿ, ಕೇಳಿದ್ರಲ್ಲ. ಈ ಸೀಸನ್ನಲ್ಲಿ ನಿಮ್ಮ ಅತಿ ಚುರುಕಿನ ಓಟ ನಲವತ್ತೆರಡು ನಿಮಿಷ ನಲವತ್ತು ಸೆಕೆಂಡು."

ಶೆಡ್ಡಿನಲ್ಲಿ ಪ್ರತಿಯೊಬ್ಬನೂ ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದ. ಈ ಟೈಮು ರಿಜಿಸ್ಟರಿಗೆ ಹತ್ತಿದರೆ ಮುಂದಿನ ಸೀಸನ್ನಿನಲ್ಲಿ ಎಲ್ಲರಿಗಿಂತ ಮೊದಲು ಹೊರಡಬೇಕಾದವರು ಡಾಕ್ಟರು. ಮೊದಲು ಹೊರಡುವವರಿಗಾಗಿಯೇ ಮಾಡಿದ ನಿಯಮವೊಂದು ಗೋಡೆಯ ಮೇಲೆ ಅವರದೇ ಸಹಿಯೊಡನೆ ನೇತಾಡುತ್ತಿತ್ತು. ಕೊನೆಯವನನ್ನು ತೆಗೆದುಹಾಕಿದರೆ ಅವನ ಪಕ್ಕದವನು ಕೊನೆಯವನಾಗುತ್ತಾನೆ ಎಂಬ ಗಣಿತ, ನಿಯಮ ಬರೆದ ದಿನ ಅಷ್ಟು ಜನ ಓದಿದವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಡಾಕ್ಟರು ಎದ್ದು ನಿಂತರು. ಅವರ ದನಿ ಇದ್ದಕ್ಕಿದ್ದಂತೆ ತುಂಬಿ ಬಂತು.

"ಸ್ನೇಹಿತರೇ, ಈ ನಿಯಮ ಸ್ವಲ್ಪ ಅಮಾನವೀಯ ಅಂತ ನನಗೆ ಮೊದಲಿಂದಲೂ ಅನ್ನಿಸ್ತಿತ್ತು. ನಿಧಾನ ಅನ್ನೋದು ಅಪರಾಧ ಅಲ್ಲ. ಹಿಂದುಳಿದವರನ್ನ ಕೈ ಹಿಡಿದು ನಡೆಸೋದೇ ನಿಜವಾದ ಕ್ರೀಡೆ." ಅವರು ಮುಕ್ಕಾಲು ಭಾಗ ಅಳುತ್ತಿದ್ದರು. "ಆದ್ದರಿಂದ ಸೋಫಾದಣ್ಣನ ಮೇಲಿನ ಕನಿಕರದಿಂದ ಈ ನಿಯಮಾನೇ ತೆಗೆದುಹಾಕೋಣ. ಅವರು ಆರಾಮಾಗಿ ಸೈಕಲ್ ಹೊಡ್ಕೊಂಡಿರಲಿ. ಇವತ್ತಿನ ಟೈಮ್ ಮಾತ್ರ ಬರೆಯೋದು ಬೇಡ. ಹೆಂಗೂ ಒಬ್ಬರೇ ಓಡಿದ್ದು."

ಹೆಂಡತಿ ಗಂಡನ ತೋಳು ಹಿಡಿದಳು. ಅವನು ಗಡಗಡ ನಡುಗುತ್ತಿದ್ದ. "ಒಪ್ಕೊಂಡ್ಬಿಡ್ರೀ. ನಿಮಗೆ ಬೇಕಾಗಿದ್ದು ಸಿಕ್ತಲ್ಲ. ಮನೆಗೆ ಹೋಗೋಣ, ಜ್ವರ ಬಂದೀತು."

ನಿಜ, ಬೇಕಾದದ್ದು ಸಿಕ್ಕಿತ್ತು. ಬುಧವಾರ ಉಳಿದಿತ್ತು. ಆದರೆ ಅರ್ಧ ಗಂಟೆಯ ಹಿಂದೆ ಏರಿನ ನೆತ್ತಿಯಲ್ಲಿ ತನ್ನದೇ ಕಾಲಿನಿಂದ ತುಳಿದು ಗಳಿಸಿದ್ದನ್ನು ಈಗ ಇವರು ಕನಿಕರ ಎಂದು ಹೆಸರಿಟ್ಟು ಹಿಂತಿರುಗಿ ಕೊಡುತ್ತಿದ್ದರು. ಸೋಫಾದಣ್ಣನಿಗೆ ಸಿಟ್ಟು ಬಂತು. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಬಾರದ ಸಿಟ್ಟು ಅದು.

"ಕನಿಕರ ಬೇಡ," ಎಂದ. "ಟೈಮ್ ಬರೀರಿ ಮೇಷ್ಟ್ರೇ."

"ಯೋಚನೆ ಮಾಡಿ ಅಣ್ಣ," ಎಂದರು ಡಾಕ್ಟರು. ದನಿಯಲ್ಲಿನ ಕಣ್ಣೀರು ಆರಿತ್ತು. "ಮತಕ್ಕೆ ಹಾಕ್ತೀನಿ. ಓಟ ನಡೆದಿಲ್ಲ ಅಂತ ಸಭೆ ಹೇಳಿದ್ರೆ ನೀವು ಬಾವುಟ ಹಿಡೀಬೇಕಾಗುತ್ತೆ."

"ಹಾಕಿ."

ಹೆಂಡತಿ ತೋಳು ಬಿಟ್ಟಳು. ಬಿಟ್ಟು, ಸೊಂಟದ ಮೇಲೆ ಕೈಯಿಟ್ಟು ಒಬ್ಬೊಬ್ಬರ ಮುಖವನ್ನೇ ನೋಡುತ್ತ ಅವನ ಪಕ್ಕದಲ್ಲಿ ನಿಂತಳು.

ಓಟ ನಡೆದಿದೆ ಎನ್ನುವವರು ಕೈ ಎತ್ತಿ ಎಂದರು ಮೇಷ್ಟ್ರು. ಮೂರನೆಯವನಾಗಿ ಹೊರಡುವ ಕಾರ್ಯದರ್ಶಿ ಮೊದಲು ಎತ್ತಿದ. ಸೋಫಾದಣ್ಣ ಹೊರಗೆ ಹೋಗಿ, ಡಾಕ್ಟರು ಮೊದಲನೆಯವರಾಗಿ, ಅವರೂ ಹೋದರೆ ಆ ಬಾವುಟ ಯಾರ ಕೈಗೆ ಬರುತ್ತದೆಂದು ಅವನು ಲೆಕ್ಕ ಹಾಕಿ ಮುಗಿಸಿದ್ದ. ಅವನನ್ನು ನೋಡಿ ನಾಲ್ಕನೆಯವನು, ಅವನನ್ನು ನೋಡಿ ಐದನೆಯವನು. ಮುಂದಿನವರು ಮಳೆ ಬಿಟ್ಟಿತಲ್ಲ, ಮನೆಗೆ ಹೋಗೋಣ ಎಂದು ಎತ್ತಿದರು. ನ್ಯಾಯ ಸಿಗುವುದೇ ಹಾಗೆ. ಕೊಡುವವರಿಗೂ ಅದರಿಂದ ಏನಾದರೂ ಉಪಯೋಗ ಇರಬೇಕು.

ಮೇಷ್ಟ್ರು ಒದ್ದೆ ಬೆರಳಿನಿಂದ ಹಾಳೆ ಹಿಡಿದು, ದುಂಡಗಿನ ಅಕ್ಷರದಲ್ಲಿ, ಅವಸರವಿಲ್ಲದೆ ಬರೆದರು. ಸೋಫಾದಣ್ಣ ಬಗ್ಗಿ ನೋಡಿದ. ನಲವತ್ತೆರಡು, ಹತ್ತು. ಮುಂದೆ ಸ್ಥಾನ: ಒಂದು. ಕೆಳಗೆ ಹತ್ತೊಂಬತ್ತು ಹೆಸರು, ಎಲ್ಲದರ ಮುಂದೂ 'ಹೊರಡಲಿಲ್ಲ'.

ಜನ ಚೆದುರಿದರು. ಹೆಂಡತಿ ಸೈಕಲ್ಲು ಎತ್ತಿ ನಿಲ್ಲಿಸಿ ಸೀಟಿನ ಕೆಸರು ಒರೆಸುತ್ತಿದ್ದಳು. ಡಾಕ್ಟರು ಹತ್ತಿರ ಬಂದರು. ಅವರಿಗೆ ಕೋಪವಿತ್ತು, ನಾಚಿಕೆಯೂ ಇತ್ತು. ಎರಡಕ್ಕಿಂತ ಹೆಚ್ಚಾಗಿ, ಒಂದು ವಿಷಯ ಅರ್ಥವಾಗದ ಸಂಕಟವಿತ್ತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ತಗ್ಗಿದ ದನಿಯಲ್ಲಿ ಕೇಳಿದರು.

"ಅಲ್ಲ ಸೋಫಾದಣ್ಣ, ನಿಜ ಹೇಳಿ. ಒಂಬತ್ತು ವರ್ಷದಲ್ಲಿ ಆಗದೇ ಇದ್ದಿದ್ದು, ಈ ಮಳೇಲಿ, ಈ ಗಾಳೀಲಿ... ಅಷ್ಟು ಜೋರಾಗಿ ಹೆಂಗೆ ತುಳಿದ್ರಿ?"

ಸೋಫಾದಣ್ಣನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಹಿಂದೆ ನೀವು ಬರ್ತಿದೀರಿ ಅಂದ್ಕೊಂಡಿದ್ದೆ ಡಾಕ್ಟ್ರೇ," ಎಂದ.